ಅಂಚು ಕತ್ತರಿಸದ ಬೈಂಡಿಂಗ್ ಅಂಗಡಿ

ಬಳ್ಳಾರಿಯಲ್ಲಿ ಹಳೆಯ ಪುಸ್ತಕ ಬೈಂಡ್ ಮಾಡಿಸಬೇಕು, ಆದರೆ ಅದರ ಒಂದು ಅಕ್ಷರವೂ ಹಾಳಾಗಬಾರದು ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ. ಈ ಅಂಗಡಿಗೆ ಬೋರ್ಡಿಲ್ಲ. ಬೆಂಗಳೂರು ರೋಡಿನಿಂದ ಒಳಗೆ ಹೋಗುವ ಗಲ್ಲಿಯಲ್ಲಿ ಕೆಳಗೊಂದು ಸ್ಟೇಷನರಿ ಅಂಗಡಿ, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಅಲ್ಲಿಗೆ ಬರುವುದು ಹೆಚ್ಚಾಗಿ ವ್ಯಾಪಾರಸ್ಥರ ಲೆಕ್ಕದ ಪುಸ್ತಕ, ಆಫೀಸಿನ ರಿಜಿಸ್ಟರು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು. ನಡೆಸುವವರು ಅರವತ್ತು ದಾಟಿದ ಮುಸ್ಲಿಂ ಹಿರಿಯರು. ನಾನು ಅವರನ್ನು ಭಾಯ್ ಅನ್ನುತ್ತೇನೆ. ಅವರು ನನ್ನನ್ನು ಸಿಸ್ಟರ್ ಅನ್ನುತ್ತಾರೆ. 34 ವರ್ಷ ನರ್ಸ್ ಆಗಿದ್ದೆ, ಕೌಲ್ ಬಜಾರ್ ಕಡೆ ಈಗಲೂ ಎಲ್ಲರೂ ಹಾಗೇ ಕರೆಯುತ್ತಾರೆ.

ನಾನು ಕೊಟ್ಟಿದ್ದು ಅತ್ತೆಯವರ ಸತ್ಯವೇದ, ಅಂದರೆ ಕನ್ನಡ ಬೈಬಲ್. ರಟ್ಟು ಎರಡೂ ಕಡೆ ಬಿಟ್ಟುಬಂದಿತ್ತು. ಬೆನ್ನು ಸೀಳಿತ್ತು. ಆದಿಕಾಂಡದ ಮೊದಲ ಹಾಳೆಗಳು ಒಂದೊಂದೇ ಉದುರುತ್ತಿದ್ದವು. ಕೀರ್ತನೆಗಳು ಅನ್ನುವ ಭಾಗದ ಹತ್ತಿರ ನಮ್ಮ ಯಜಮಾನರು ಯಾವತ್ತೋ ಸೆಲ್ಲೋಟೇಪ್ ಅಂಟಿಸಿದ್ದರು. ಅದು ಹಳದಿಯಾಗಿ, ಅಕ್ಷರದ ಮೇಲೆ ಅರಿಶಿನ ಬಳಿದ ಹಾಗೆ ಕಾಣುತ್ತಿತ್ತು. ಎಲ್ಲವನ್ನೂ ಸೇರಿಸಿ ಹಳೇ ಸೀರೆಯ ಪಟ್ಟಿಯಲ್ಲಿ ಕಟ್ಟಿಟ್ಟಿದ್ದೆ. ಅಷ್ಟು ಕಷ್ಟ ಯಾಕಮ್ಮ, ಹೊಸದು ತಗೊಳ್ಳಬಹುದಲ್ವಾ ಅಂತ ಮಗಳು ಕೇಳಿದಳು. ಹೊಸದು ಮನೆಯಲ್ಲಿ ಎರಡಿವೆ. ಇದು ನನಗೆ ಬೇಕಾಗಿದ್ದು ಇದರ ಅಂಚಿಗಾಗಿ.

ಅತ್ತೆಯವರು ಶಾಲೆಗೆ ಹೋದವರಲ್ಲ. ಸಿರುಗುಪ್ಪದ ಕಡೆಯ ಹಳ್ಳಿಯವರು. ನಲವತ್ತು ದಾಟಿದ ಮೇಲೆ, ನಮ್ಮ ಚರ್ಚಿನ ಬೈಬಲ್ ವುಮನ್ ಒಬ್ಬರ ಹತ್ತಿರ, ಅಂದರೆ ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುವ ಹೆಂಗಸಿನ ಹತ್ತಿರ, ಸಂಜೆ ಹೊತ್ತು ಕೂತು ಅಕ್ಷರ ಕಲಿತರು. ಆಮೇಲೆ ಕೈಗೆ ಪೆನ್ಸಿಲ್ ಬಂತು. ಓದಿದ ಪುಟದ ಅಂಚಿನಲ್ಲೇ ಬರೆಯತೊಡಗಿದರು. ದೊಡ್ಡ ದೊಡ್ಡ ಅಕ್ಷರ, ಒತ್ತಿ ಬರೆದದ್ದು, ಸಾಲು ಓರೆ. ‘ಕೊಳಾಯಿಗೆ ನೀರು ಬಂತು. ಸ್ತೋತ್ರ.’ ‘ಮೋಡ ಆಯ್ತು. ಸ್ತೋತ್ರ.’ ‘ಮಗನ ಜ್ವರ ಇಳೀತು. ಸ್ತೋತ್ರ.’ ಮುಂದೆ ತಾರೀಖು. ಸ್ತೋತ್ರ ಅಂದರೆ ನಮ್ಮಲ್ಲಿ ದೇವರಿಗೆ ಕೃತಜ್ಞತೆ ಹೇಳುವುದು.

136ನೇ ಕೀರ್ತನೆಯಲ್ಲಿ 26 ವಚನಗಳಿವೆ. ದೇವರ ಕೃಪೆ ಎಂದೆಂದಿಗೂ ಇರುತ್ತದೆ ಅನ್ನುವ ಒಂದೇ ಪಲ್ಲವಿ 26 ಸಲವೂ ಬರುತ್ತದೆ. ಸೂರ್ಯ, ಚಂದ್ರ, ಕೆಂಪು ಸಮುದ್ರ, ಸೋತ ಅರಸರು, ಎಲ್ಲಾ ಆದ ಮೇಲೆ ಕೊನೆಗೆ ಎಲ್ಲ ಜೀವಿಗಳಿಗೂ ಆಹಾರ ಕೊಡುವ ದೇವರು ಅಂತ ಬರುತ್ತದೆ. ಆ ವಚನದ ಎದುರಿಗೆ ಅತ್ತೆಯವರು ಬರೆದಿದ್ದಾರೆ: ‘ಜೋಳ 2 ಚೀಲ.’ ಆ ಪುಟದಲ್ಲಿ ಖಾಲಿ ಜಾಗವೇ ಇಲ್ಲ.

ಮನೆಯಲ್ಲಿ ಕೃತಜ್ಞತಾ ಕೂಟ ಇಟ್ಟಾಗ ನಾವೆಲ್ಲಾ ದೊಡ್ಡ ದೊಡ್ಡದಕ್ಕೆ ಸ್ತೋತ್ರ ಹೇಳುತ್ತೇವೆ. ಮಗನಿಗೆ ನೌಕರಿ, ಹೊಸ ಮನೆ, ಆಪರೇಷನ್ ಚೆನ್ನಾಗಾಯಿತು. ಅತ್ತೆಯವರದು ನೀರು, ಜೋಳ, ಮೋಡ. ಅವರು ಇದ್ದಾಗ ನಾನು ಆ ಅಂಚನ್ನು ಸರಿಯಾಗಿ ನೋಡಿದವಳೇ ಅಲ್ಲ.

ನೋಡಿದ್ದು ಯಜಮಾನರು ಹೋದ ಮೇಲೆ. ಕಿಡ್ನಿ ಕೆಟ್ಟು, 2 ವರ್ಷ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿದೆವು. ಅವರು ತೀರಿಕೊಂಡಾಗ ನನಗೆ 65. ಮಕ್ಕಳು ಬೆಂಗಳೂರಿನಲ್ಲಿ. ಭಾನುವಾರ ಆರಾಧನೆಗೆ ಹೋಗುತ್ತಿದ್ದೆ, ಆದರೆ ಬಾಯಲ್ಲಿ ಪ್ರಾರ್ಥನೆ ಬರುತ್ತಿರಲಿಲ್ಲ. ಬರೀ ದೂರು ಬರುತ್ತಿತ್ತು. ವಯಸ್ಸಾದ ಮೇಲೆ ರಾತ್ರಿ ಎಚ್ಚರ ಜಾಸ್ತಿ. ಎಚ್ಚರ ಆದಾಗ ಮನಸ್ಸು ತಾನಾಗಿ ನೆನೆಸಿಕೊಳ್ಳುವುದು ನೋವು, ಅವಮಾನ, ಯಾರು ಏನಂದರು ಅನ್ನುವುದನ್ನೇ. ಅಂಥ ಒಂದು ರಾತ್ರಿ ಸೀರೆ ಪಟ್ಟಿ ಬಿಚ್ಚಿ ಈ ಪುಸ್ತಕ ತೆಗೆದೆ. ಕೀರ್ತನೆಗಳನ್ನು ಹುಡುಕುವಾಗ ಒಂದು ಅಂಚಿನಲ್ಲಿ ಕಂಡಿತು: ‘ಸೊಸೆ ನೈಟ್ ಡ್ಯೂಟಿ ಮುಗಿಸಿ ಬಂದಳು. ಸ್ತೋತ್ರ.’ ಇನ್ನೂ ಹತ್ತು ಪುಟ ತಿರುವಿದೆ. ಮತ್ತೆ ಅದೇ. ಕೂತು ಎಣಿಸಿದೆ. 41 ಕಡೆ ಇದೆ.

ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ ಇತ್ತು. ನೈಟ್ ಡ್ಯೂಟಿ ಮುಗಿಸಿ ಬಂದರೆ ಅವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಚಹಾ ಲೋಟ ಕಟ್ಟೆ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಒಳಗೆ ಹೋಗಿ ಮಾಡುತ್ತಿದ್ದದ್ದು ಇದು. ಗೊತ್ತಾಗುವ ಹೊತ್ತಿಗೆ ಅವರು ತೀರಿಹೋಗಿ 19 ವರ್ಷ ಆಗಿತ್ತು.

ಇನ್ನು ಬೈಂಡಿಂಗ್ ವಿಷಯ. ಬೈಂಡಿಂಗ್ ಅಂದರೆ ನನಗೆ ಭಯ ಇತ್ತು. ಬಹಳ ಹಿಂದೆ ಮಾವನವರ ಹಾಡಿನ ಪುಸ್ತಕವನ್ನು ಬೇರೆ ಕಡೆ ಕೊಟ್ಟಿದ್ದೆ. ಅವರು ನೀಟಾಗಿ ಕಾಣಲಿ ಅಂತ ಮೂರೂ ಕಡೆ ಕಟಿಂಗ್ ಮಷಿನ್ನಿಗೆ ಕೊಟ್ಟುಬಿಟ್ಟರು. ಮಾವನವರೂ ಅಂಚಿನಲ್ಲಿ ಬರೆಯುತ್ತಿದ್ದರು. ಪುಸ್ತಕ ವಾಪಸ್ ಬಂದಾಗ ಒಂದು ಪುಟದಲ್ಲಿ ‘ಸ್ತೋ’ ಉಳಿದಿತ್ತು, ಎದುರು ಪುಟದಲ್ಲಿ ‘ತ್ರ’ ಉಳಿದಿತ್ತು. ಕತ್ತರಿಸಿದ ಚೂರುಗಳು ರದ್ದಿಗೆ ಹೋಗಿದ್ದವು. ಅದನ್ನು ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆದ್ದರಿಂದ 2024ರ ಮಾರ್ಚ್‌ನಲ್ಲಿ ಈ ಅಂಗಡಿಯ ಮೆಟ್ಟಿಲು ಹತ್ತುವಾಗ ಕೈಯಲ್ಲಿ ಪುಸ್ತಕ ಬಿಗಿಯಾಗಿ ಹಿಡಿದಿದ್ದೆ. ಭಾಯ್ ಕೈ ತೊಳೆದು ಒರೆಸಿಕೊಂಡು ಬಂದರು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಸತ್ಯವೇದ ಇಟ್ಟರು. ಸುಮ್ನೆ ನಾಲ್ಕೈದು ಕಡೆ ತೆರೆದು ನೋಡಿದರು. ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು: “ಸಿಸ್ಟರ್, ಅಂಚಿಗೆ ಯಾರೋ ಹಿರಿಯರು ಬರೆದಿದ್ದಾರೆ. ಇದನ್ನು ಮಷಿನ್ನಿಗೆ ಹಾಕಬಾರದು. ಅಂಚು ಮೇಲೆ ಕೆಳಗೆ ಕಾಣುತ್ತದೆ, ನಡೀತದಾ?” ನಡೀತದೆ ಅಂದೆ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಕೆಲಸ ಹೇಗೆ ಮಾಡುತ್ತಾರೆ ಅನ್ನುವುದನ್ನು ಹೇಳಲೇಬೇಕು. ನಾನು ಮೂರು ದಿನ ಹೋಗಿ ಕೂತು ನೋಡಿದ್ದೇನೆ. ಈಗ ಎಲ್ಲಾ ಕಡೆ ಬೆನ್ನಿಗೆ ಗಮ್ ಹಾಕಿ ಮುಗಿಸುತ್ತಾರೆ, ಇಲ್ಲವೇ ಪಕ್ಕದಲ್ಲಿ ತೂತು ಹೊಡೆದು ಹೊಲಿಯುತ್ತಾರೆ. ಪಕ್ಕದ ಹೊಲಿಗೆ ಗಟ್ಟಿ, ಆದರೆ ಒಳಗಿನ ಅಂಚನ್ನು ನುಂಗುತ್ತದೆ. ಪುಸ್ತಕ ಪೂರ್ತಿ ತೆರೆಯುವುದಿಲ್ಲ. ಭಾಯ್ ಇಡೀ ಪುಸ್ತಕವನ್ನು ಫಾರಂ ಫಾರಂ ಆಗಿ, ಅಂದರೆ ಒಟ್ಟಿಗೆ ಮಡಿಚಿದ ಹಾಳೆಗಳ ಒಂದೊಂದು ಕಟ್ಟಾಗಿ, ಬಿಡಿಸಿದರು. ಹರಿದ ಮಡಿಕೆಗಳಿಗೆ ತೆಳ್ಳನೆ ಟಿಶ್ಯೂ ಕಾಗದದ ಪಟ್ಟಿ ಅಂಟಿಸಿದರು. ಆಮೇಲೆ ಒಂದೊಂದು ಫಾರಮ್ಮಿನ ಮಡಿಕೆಯ ನಡುವೆ ಸೂಜಿ ಹಾಕಿ, ಮುಂದಿನದಕ್ಕೆ ಸೇರಿಸಿ ಹೊಲಿದರು. ಸತ್ಯವೇದದ ಹಾಳೆ ಎಷ್ಟು ತೆಳು ಅಂತ ಗೊತ್ತಲ್ವಾ. ಫ್ಯಾನ್ ಹಾಕಿದರೆ ಹಾರುತ್ತದೆ. ಬಳ್ಳಾರಿಯ ಮಾರ್ಚ್ ಬಿಸಿಲಿಗೆ ಫ್ಯಾನ್ ಆರಿಸಿಕೊಂಡು, ಬೆವರು ಹಾಳೆ ಮೇಲೆ ಬೀಳದ ಹಾಗೆ ಹಣೆಗೆ ಟವೆಲ್ ಕಟ್ಟಿಕೊಂಡು ಕೂರುತ್ತಿದ್ದರು.

ಅಂಟು ಅವರೇ ಕಾಯಿಸುತ್ತಾರೆ. ಮೈದಾ ಗಂಜಿ, ಅದಕ್ಕೆ ಚಿಟಿಕೆ ಮೈಲುತುತ್ತ. ಅದಿದ್ದರೆ ಹುಳ ಮುಟ್ಟುವುದಿಲ್ಲ. ಹೊಲಿದ ಬೆನ್ನಿನ ಮೇಲೆ ಅವರು ಜಾಲರಿ ಬಟ್ಟೆ ಅಂಟಿಸುವಾಗ ನನಗೆ ಆಶ್ಚರ್ಯ ಆಯಿತು. ಅದು ನಾವು ವಾರ್ಡಿನಲ್ಲಿ ಗಾಯಕ್ಕೆ ಇಡುವ ಗಾಜ್ ಬಟ್ಟೆಯ ಹಾಗೇ ಇತ್ತು. ಹಾಗಂತ ಹೇಳಿದೆ. “ಹೌದು ಸಿಸ್ಟರ್, ನಿಮ್ಮದೂ ಸೂಜಿ ದಾರ, ನಮ್ಮದೂ ಸೂಜಿ ದಾರ” ಅಂದರು. ಸೆಲ್ಲೋಟೇಪ್ ಮಾತ್ರ ತೆಗೆಯಲಿಲ್ಲ. ತೆಗೆದರೆ ಅಕ್ಷರ ಅದರ ಜೊತೆಗೇ ಎದ್ದು ಬರುತ್ತದೆ ಅಂದರು. ಇರಲಿ ಬಿಡಿ ಅಂದೆ. ಅದೂ ನಮ್ಮ ಯಜಮಾನರ ಕೈಯದ್ದೇ.

ಹೊಲಿಯುತ್ತಾ ಅವರು ಕೇಳಿದರು, ಇದು ಕನ್ನಡಕ್ಕೆ ಎಲ್ಲಿ ಬಂತು ಅಂತ. ನಮ್ಮ ಬಳ್ಳಾರಿಯಲ್ಲೇ ಕೆಲಸ ನಡೆದದ್ದು ಅಂದಾಗ ಸೂಜಿ ನಿಲ್ಲಿಸಿದರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಇಲ್ಲಿದ್ದು ಕನ್ನಡ ಕಲಿತು ಅನುವಾದ ಶುರು ಮಾಡಿದರು. ಆಮೇಲೆ ನಿಘಂಟು ಮಾಡಿದ ವಿಲಿಯಂ ರೀವ್ ಜೊತೆಯಾದರು. 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ನಮ್ಮ ಕೈಯಲ್ಲಿರುವುದು ಅದನ್ನು ಆಮೇಲೆ ತಿದ್ದಿ ಹೊಸದಾಗಿ ಮಾಡಿದ್ದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕೂಡ 1844ರಲ್ಲಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು ಅಂತ ಹೇಳಿದೆ. ಅಚ್ಚು, ಕಾಗದದ ಮಧ್ಯೆಯೇ ಬದುಕಿದ ಮನುಷ್ಯ ಅವರು. ಎಷ್ಟು ಖುಷಿಪಟ್ಟರು ಅಂದರೆ, ಕೆಳಗಿನ ಅಂಗಡಿಯ ಹುಡುಗನನ್ನು ಕರೆದು ಅವನಿಗೂ ಹೇಳಿಸಿದರು.

ಕೊರತೆಗಳೂ ಇವೆ. 5 ದಿನ ಅಂದವರು 11 ದಿನ ತೆಗೆದುಕೊಂಡರು. ಮಾರ್ಚ್ ಕೊನೆ, ಎಲ್ಲರ ರಿಜಿಸ್ಟರೂ ಆಗಲೇ ಬರುತ್ತವೆ, ಅದು ಅರ್ಥ ಆಗುತ್ತದೆ. ಆದರೆ ಒಂದು ಫೋನ್ ಮಾಡಬಹುದಿತ್ತು. ಆ ಆರು ದಿನ ನನಗೆ ನಿದ್ದೆ ಇರಲಿಲ್ಲ. ಮೇಲೆ ಹಾಕಿದ ಕಪ್ಪು ರೆಕ್ಸಿನ್ ಎರಡು ತಿಂಗಳು ವಾಸನೆ ಹೊಡೆಯಿತು. ಗುರುತಿನ ರಿಬ್ಬನ್ ಗಿಡ್ಡ, ಪುಟದ ಕೆಳಗೆ ಬರುವುದೇ ಇಲ್ಲ. ಬಂಗಾರದ ಅಕ್ಷರದಲ್ಲಿ ‘ಸತ್ಯವೇದವು’ ಅಂತ ಹಾಕಿಸಿದ್ದು ಸ್ವಲ್ಪ ಎಡಕ್ಕೆ ಸರಿದಿದೆ. ಎಲ್ಲಾ ಸೇರಿ 650 ರೂಪಾಯಿ ಆಯಿತು. ಕೈಕೆಲಸ ನೋಡಿದವರಿಗೆ ಇದು ಜಾಸ್ತಿ ಅನ್ನಿಸುವುದಿಲ್ಲ. ಹೊಲಿಗೆ ಈವರೆಗೆ ಒಂದು ಎಳೆಯೂ ಸಡಿಲ ಆಗಿಲ್ಲ. ಎಲ್ಲಿ ತೆರೆದರೂ ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬೆರಳಲ್ಲಿ ಹಿಡಿತ ಕಡಿಮೆಯಾದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಇನ್ನೊಂದು ಕೆಲಸ ಮಾಡಿಸಿದೆ. ಅತ್ತೆಯವರ ಅಂಚು ತುಂಬಿದೆ, ನಾನು ಎಲ್ಲಿ ಬರೆಯಲಿ? ಬೈಬಲಿನ ಕೊನೆಯ ಭಾಗವಾದ ಪ್ರಕಟನೆಯ ನಂತರ ಗೆರೆ ಹಾಕಿದ 64 ಹಾಳೆ ಸೇರಿಸಿ ಹೊಲಿಯಿರಿ ಅಂದೆ. ಹೊಲಿದುಕೊಟ್ಟರು. ಈಗ ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ಒಂದು ಸಾಲು ಬರೆಯುತ್ತೇನೆ. ತಾರೀಖು, ಒಂದು ವಿಷಯ, ಸ್ತೋತ್ರ. ಎರಡನೇ ಸಾಲು ಬರೆಯುವುದಿಲ್ಲ. ‘ಒಬ್ಬಳೇ ಮೆಟ್ಟಿಲು ಇಳಿದೆ.’ ‘ಪಕ್ಕದ ಮನೆಯ ಹುಡುಗಿ ಒಗ್ಗರಣೆ ಮಂಡಕ್ಕಿ ತಂದುಕೊಟ್ಟಳು.’ ‘ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ.’

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತಲ್ಲ. ತಮ್ಮನ ಭತ್ತದ ಗದ್ದೆ ಆ ನೀರನ್ನೇ ನಂಬಿದೆ. ಆ ವಾರ ಬರೆಯಲು ಕೈ ಏಳಲಿಲ್ಲ. ಹಾಳೆಯಲ್ಲಿ ಬರೀ ತಾರೀಖುಗಳಿವೆ. ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದ ಸುದ್ದಿ ಬಂದ ದಿನ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಬರೆಯಲಾಗದ ದಿನಗಳ ಬಗ್ಗೆ ನಮ್ಮ ಪಾಸ್ಟರ್ ಹತ್ತಿರ ಕೇಳಿದೆ. ಅವರು ಬೈಬಲಿನಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯ ತೆಗೆದು ತೋರಿಸಿದರು. ಪೌಲನು ಅಲ್ಲಿ ಬರೆದದ್ದು ‘ಎಲ್ಲಾದರಲ್ಲಿಯೂ’ ಸ್ತೋತ್ರ ಮಾಡಿ ಅಂತ. ‘ಎಲ್ಲದಕ್ಕೂ’ ಅಂತಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಅಂತಲೂ ಇದೆ. ಅಷ್ಟು ದೂರ ನಾನು ಇನ್ನೂ ಬಂದಿಲ್ಲ. ಯಜಮಾನರ ಕಾಯಿಲೆಗೆ ಸ್ತೋತ್ರ ಅನ್ನಲು ನನ್ನಿಂದ ಆಗಿಲ್ಲ. ಆದರೆ ಆ ಕಾಯಿಲೆಯಲ್ಲಿ 2 ವರ್ಷ ಅವರು ದಿನಾ ಮನೆಯಲ್ಲೇ ಇದ್ದರು. 30 ವರ್ಷದ ಸಂಸಾರದಲ್ಲಿ ನನ್ನ ಡ್ಯೂಟಿ, ಅವರ ಡ್ಯೂಟಿ ಅಂತ ಅಷ್ಟು ಹೊತ್ತು ಒಟ್ಟಿಗೆ ಕೂತಿರಲಿಲ್ಲ. ಇದನ್ನು ಬರೆಯಲು ಆಯಿತು. ಬರೆದ ದಿನ ಅತ್ತೆಯವರ ಪೆನ್ಸಿಲ್ಲೇ ತೆಗೆದುಕೊಂಡೆ. ಎರಡಂಗುಲ ಉಳಿದಿದೆ.

ಲೂಕನ ಸುವಾರ್ತೆಯಲ್ಲಿ ಹತ್ತು ಜನ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ತಿರುಗಿ ಬಂದು ಸ್ತೋತ್ರ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು. ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಆ ಮಾತು ಚೆನ್ನಾಗಿ ಗೊತ್ತು. ಡಿಸ್ಚಾರ್ಜ್ ಆದ ಮೇಲೆ ಬಾಳೆಹಣ್ಣು ಹಿಡಿದು ವಾಪಸ್ ಬಂದವರ ಮುಖಗಳು ಈಗಲೂ ಕಣ್ಣ ಮುಂದಿವೆ. ಹಾಗಿದ್ದೂ ನಾನು ಭಾಯ್ ಕೈಗೆ ದುಡ್ಡು ಕೊಟ್ಟು, ತಡವಾಯಿತು ಅಂತ ಗೊಣಗಿ ಮೆಟ್ಟಿಲು ಇಳಿದಿದ್ದೆ. ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕ್ರಿಸ್‌ಮಸ್‌ಗೆ ಶೇಂಗಾ ಹೋಳಿಗೆ ಮಾಡಿ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಸತ್ಯವೇದವನ್ನೂ ಒಯ್ದಿದ್ದೆ. ಅವರು ಮೊದಲು ನೋಡಿದ್ದು ಹೊಲಿಗೆಯನ್ನು, ಆಮೇಲೆ ಹೋಳಿಗೆಯನ್ನು. ಗಿಡ್ಡ ರಿಬ್ಬನ್ ಕಿತ್ತು ಉದ್ದದ್ದು ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಹೋಗುವವರು ಸಂಜೆ 4ರ ನಂತರ ಹೋಗಿ. ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿಗೆ ಹೋಗಿರುತ್ತಾರೆ. ಮಾರ್ಚ್ ತಿಂಗಳು ಬಿಟ್ಟು ಕೊಟ್ಟರೆ ಬೇಗ ಸಿಗುತ್ತದೆ. ಪುಸ್ತಕದಲ್ಲಿ ಎಲ್ಲೆಲ್ಲಿ ಬರವಣಿಗೆ ಇದೆ ಅಂತ ಮೊದಲೇ ಚೀಟಿ ಇಟ್ಟು ತೋರಿಸಿ. ಮೆಟ್ಟಿಲು 14 ಇವೆ, ಕಡಿದು, ಹಿಡಿಕೆ ಇಲ್ಲ. ಮೊಣಕಾಲು ನೋವಿದ್ದರೆ ಕೆಳಗಿನ ಸ್ಟೇಷನರಿ ಅಂಗಡಿಯ ಹುಡುಗನಿಗೆ ಹೇಳಿ, ಭಾಯ್ ತಾವೇ ಇಳಿದು ಬರುತ್ತಾರೆ.