ಸ್ಟಾಂಪು ಕೊಳ್ಳುವ ಮುಂಚೆ ಫೋಲ್ಡರು ಮೂಸಿ ನೋಡಿ

ಸ್ಕ್ರ್ಯಾಪ್‌ಬುಕ್, ಅಂದರೆ ಫೋಟೋ ಅಂಟಿಸಿ ಅಲಂಕರಿಸುವ ಪುಸ್ತಕ, ಮತ್ತು ಕಾರ್ಡ್ ಮೇಕಿಂಗ್ ಹುಚ್ಚು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇನ್‌ಸ್ಟಾಗ್ರಾಮಿನ ಕ್ರಾಫ್ಟ್ ಪೇಜುಗಳಲ್ಲಿ ‘ಸ್ಟಾಂಪ್ ಆರ್ಗನೈಸರ್ ಕಾಂಬೊ’ ಅಂತ ಒಂದು ಸರಕು ಓಡಾಡುತ್ತಿದೆ. ಮೆತ್ತಗಿನ ಪಾರದರ್ಶಕ ಪಾಕೆಟ್ಟುಗಳಿರುವ ಜಿಪ್ ಫೋಲ್ಡರು, ಅದರ ಜೊತೆ ರಾಶಿ ಕ್ಲಿಯರ್ ಸ್ಟಾಂಪು (ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಪಾರದರ್ಶಕ ಅಚ್ಚು), ಅದನ್ನು ಅಂಟಿಸಿ ಹಿಡಿಯಲು ಒಂದು ಅಕ್ರಿಲಿಕ್ ಬ್ಲಾಕು, ಒಂದೆರಡು ಇಂಕ್ ಪ್ಯಾಡು. ಒಳ್ಳೆ ಕಂಪನಿಯ ಒಂದು ಸೆಟ್ಟಿಗೆ ಕೊಡುವ ದುಡ್ಡಿಗೆ ಇಷ್ಟೆಲ್ಲ ಬರುತ್ತದೆ. ನಾನು ತರಿಸಿದ ಕಾಂಬೊದ ಸ್ಟಾಂಪು ಕಳಪೆಯಾಗಿತ್ತು, ಇರಲಿ ಬಿಡಿ, ಆ ಬೆಲೆಗೆ ಅಷ್ಟೇ ಅಂದುಕೊಳ್ಳಬಹುದಿತ್ತು. ಆದರೆ ಆ ಫೋಲ್ಡರು ನನ್ನ ಹತ್ತಿರ ಮೊದಲಿನಿಂದ ಇದ್ದ ಒಳ್ಳೆಯ ಸ್ಟಾಂಪುಗಳನ್ನೂ ಹಾಳು ಮಾಡಿತು. ಹೇಳಬೇಕಾದದ್ದು ಅದನ್ನೇ.

ಪೇಜಿನಲ್ಲಿ ದೊಡ್ಡದಾಗಿ ‘ಆಸಿಡ್ ಫ್ರೀ, ಫೋಟೋ ಸೇಫ್’ ಅಂತ ಹಾಕಿದ್ದರು. ಕೇಳಿದಾಗ ಮೆಸೇಜಿನಲ್ಲೂ ಅದನ್ನೇ ಹೇಳಿದರು. ಹೂವು, ಹುಟ್ಟುಹಬ್ಬ, ಪ್ರವಾಸ, ಅಕ್ಷರಗಳು ಅಂತ ವಿಂಗಡಿಸಿ ಎಲ್ಲವನ್ನೂ ಅದರೊಳಗೆ ಜೋಡಿಸಿಟ್ಟೆ. ಅದರಲ್ಲಿ ಕನ್ನಡದ ಸ್ಟಾಂಪುಗಳೂ ಇದ್ದವು. ಕನ್ನಡದಲ್ಲಿ ಶುಭಾಶಯ ಇರುವ ಕ್ಲಿಯರ್ ಸ್ಟಾಂಪು ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಕೋರ್ಟಿನ ಹತ್ತಿರ ಸೀಲು ಮಾಡಿಕೊಡುವವರ ಬಳಿ ಹೇಳಿ ಮಾಡಿಸಿದವು ಅವು. ಅವರ ಹತ್ತಿರ ಯುವಿ ಬೆಳಕಿನಲ್ಲಿ ಫೋಟೋಪಾಲಿಮರ್ ಅನ್ನುವ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ಗಟ್ಟಿ ಮಾಡುವ ಮೆಷಿನ್ ಇರುತ್ತದೆ. ಅಮೆರಿಕದ ದುಬಾರಿ ಸೆಟ್ಟುಗಳನ್ನು ಮಾಡುವುದೂ ಮೂಲತಃ ಅದೇ ವಿಧಾನದಲ್ಲಿ. (ಮಾಡಿಸುವವರಿಗೊಂದು ಮಾತು: ಒತ್ತಕ್ಷರ ಇರುವ ಕಡೆ ಫಾಂಟ್ ಸ್ವಲ್ಪ ದೊಡ್ಡದೇ ಇರಲಿ. ಸಣ್ಣದಾದರೆ ಒತ್ತಿನ ಹೊಟ್ಟೆಯಲ್ಲಿ ಶಾಯಿ ತುಂಬಿಕೊಂಡು ಬರೀ ಚುಕ್ಕೆ ಬೀಳುತ್ತದೆ.)

ಮಂಗಳೂರಿನ ಏಪ್ರಿಲ್, ಮೇ ಹೇಗಿರುತ್ತದೆ ಗೊತ್ತಲ್ಲ. ಮಳೆ ಹಿಡಿದ ಮೇಲೆ ಅಕ್ಕನ ಮಗಳ ಮೊದಲ ಹುಟ್ಟುಹಬ್ಬದ ಪುಟ ಮಾಡೋಣ ಅಂತ ಕಪಾಟಿನಿಂದ ಫೋಲ್ಡರು ತೆಗೆದರೆ ಪಾಕೆಟ್ಟು ಬಾಯಿ ಬಿಡುತ್ತಿಲ್ಲ. ಎಳೆದಾಗ ಪಚಕ್ ಅಂತ ಬಿಟ್ಟುಕೊಂಡಿತು. ಪ್ಲಾಸ್ಟಿಕ್ಕಿನ ಮೇಲೆ ಸ್ಟಾಂಪಿನದೇ ಆಕಾರದಲ್ಲಿ ಎಣ್ಣೆಯ ಹೊಳಪು. ಬೆರಳಿಗೆ ಜಿಡ್ಡು. ‘ಹುಟ್ಟುಹಬ್ಬದ ಶುಭಾಶಯ’ವನ್ನು ಬ್ಲಾಕಿಗೆ ಅಂಟಿಸಿ ಒತ್ತಿ ನೋಡಿದೆ. ಗೆರೆಗಳೆಲ್ಲ ಊದಿಕೊಂಡಿದ್ದವು, ‘ಬ್ಬ’ದ ಒತ್ತು ಮುಚ್ಚಿಹೋಗಿತ್ತು, ‘ಶು’ವಿನ ಕೊಂಬು ಪಕ್ಕದ ಅಕ್ಷರಕ್ಕೆ ತಾಗಿತ್ತು. ಸೋಪು ಹಾಕಿ ತೊಳೆದೆ, ಒರೆಸಿ ಇಟ್ಟೆ. ಬೆಳಿಗ್ಗೆ ನೋಡಿದರೆ ಮತ್ತೆ ಜಿಡ್ಡು ಮೇಲೆ ಬಂದಿದೆ. ಜಿಡ್ಡು ಒಳಗೇ ಇಳಿದ ಮೇಲೆ ತೊಳೆದು ಏನು ಪ್ರಯೋಜನ? ಮರದ ಹಿಡಿಯ ಕೆಂಪು ರಬ್ಬರಿನ ಸ್ಟಾಂಪುಗಳು ದಪ್ಪ ಇದ್ದದ್ದರಿಂದ ಫೋಲ್ಡರಿನಲ್ಲಿ ಹಿಡಿಸಿರಲಿಲ್ಲ. ಹೊರಗಿದ್ದವು, ಬದುಕಿಕೊಂಡವು.

ಏನಾಗಿದೆ ಅಂತ ಅರ್ಥವಾಗಬೇಕಾದರೆ ಶಾಲೆಯ ಕಂಪಾಸ್ ಬಾಕ್ಸ್ ನೆನಪು ಮಾಡಿಕೊಳ್ಳಿ. ರಜೆ ಮುಗಿಸಿ ತೆರೆದರೆ ಅಳಿಸುವ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡಿರುತ್ತಿತ್ತು, ಕಿತ್ತರೆ ಸ್ಕೇಲಿನ ಮೇಲೆ ಕರಗಿದ ಗುಂಡಿ. ಇಲ್ಲಿ ನಡೆದದ್ದೂ ಅದೇ. ನನ್ನ ಫೋಲ್ಡರು ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದು. ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು, ನೀರಿನ ಪೈಪು ನೋಡಿ. ಅದನ್ನು ಮೆತ್ತಗೆ ಬಾಗುವ ಹಾಳೆ ಮಾಡಬೇಕಾದರೆ ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ದ್ರವ ಬೆರೆಸಬೇಕು. ತೂಕದಲ್ಲಿ ಮೂರನೇ ಒಂದು ಪಾಲು ಅದೇ ಇರುವುದೂ ಸಾಮಾನ್ಯ. ಅದು ಪಿವಿಸಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಪಕ್ಕದಲ್ಲಿ ಹೀರಿಕೊಳ್ಳುವ ಇನ್ನೊಂದು ವಸ್ತು ತಾಗಿದರೆ ನಿಧಾನವಾಗಿ ಅದರೊಳಗೆ ದಾಟುತ್ತದೆ. ಸೆಖೆಗೆ ಇನ್ನೂ ಬೇಗ. ಫೋಟೋಪಾಲಿಮರ್ ಸ್ಟಾಂಪು ಅದನ್ನು ಕುಡಿದು ಊದುತ್ತದೆ, ಮೆತ್ತಗಾಗುತ್ತದೆ, ಸಣ್ಣ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

‘ಆಸಿಡ್ ಫ್ರೀ’ ಅನ್ನುವುದು ಕೇಳಲಿಕ್ಕೆ ಧೈರ್ಯ ಕೊಡುತ್ತದೆ. ಆದರೆ ಪ್ಲಾಸ್ಟಿಸೈಜರ್ ಆಮ್ಲವೇ ಅಲ್ಲ, ಆದ್ದರಿಂದ ಆ ಎರಡು ಪದ ಈ ವಿಚಾರದಲ್ಲಿ ಏನನ್ನೂ ಹೇಳುವುದಿಲ್ಲ. ‘ಫೋಟೋ ಸೇಫ್’ ಅಂತೂ ಯಾರು ಬೇಕಾದರೂ ಅಚ್ಚು ಹಾಕಿಸಿಕೊಳ್ಳಬಹುದು. ಫೋಟೋ ಜೊತೆ ಇಡುವ ಕಾಗದ, ಪಾಕೆಟ್ಟು, ಅಂಟುಗಳಿಗೆ ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್ ಅಂತ ನಿಜವಾದ ಪರೀಕ್ಷೆಯೊಂದಿದೆ, ಐಎಸ್ಒ 18916 ಅದರ ಮಾನದಂಡ. ಅದರಲ್ಲಿ ಪಾಸಾಗಿದೆ ಅಂತ ಬರೆದಿದ್ದರೆ ಅದಕ್ಕೊಂದು ಬೆಲೆ. ಅದೂ ಫೋಟೋ ಮಟ್ಟಿಗೆ; ಸ್ಟಾಂಪು ಊದುತ್ತದೋ ಇಲ್ಲವೋ ಅಂತ ಆ ಪರೀಕ್ಷೆ ನೋಡುವುದಿಲ್ಲ.

ಆ ಫೋಲ್ಡರು ಪಿವಿಸಿಯೇ ಅಂತ ಖಾತ್ರಿ ಮಾಡಿಕೊಂಡದ್ದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಗೆಳತಿಯ ದಯೆಯಿಂದ. ಲ್ಯಾಬಿನಲ್ಲಿ ತಾಮ್ರದ ತಂತಿ ಕಾಯಿಸಿ, ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿದಳು. ಉರಿ ಹಸಿರಾಯಿತು. ಕ್ಲೋರಿನ್ ಇದ್ದರೆ ಹಾಗಾಗುತ್ತದೆ, ಬೈಲ್‌ಸ್ಟೈನ್ ಪರೀಕ್ಷೆ ಅನ್ನುತ್ತಾರೆ. ದಯವಿಟ್ಟು ಇದನ್ನು ಅಡುಗೆಮನೆಯ ಗ್ಯಾಸಿನಲ್ಲಿ ಮಾಡಲು ಹೋಗಬೇಡಿ, ಸುಟ್ಟ ಪಿವಿಸಿಯ ಹೊಗೆ ಒಳ್ಳೆಯದಲ್ಲ. ಮನೆಯಲ್ಲಿ ಮೂಗು ಸಾಕು. ಹೊಸ ರೇನ್‌ಕೋಟಿನ ವಾಸನೆ, ಮುಟ್ಟಿದರೆ ತುಸು ಜಿಗುಟು, ಮಡಚಿದರೆ ಸದ್ದಿಲ್ಲದೆ ಬಾಗುವುದು, ಹೀಗಿದ್ದರೆ ಸಂಶಯ ಪಡಿ. ಪ್ಲಾಸ್ಟಿಸೈಜರ್ ಬೇಡದ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಹಾಳೆಗೆ ವಾಸನೆ ಇರುವುದಿಲ್ಲ, ಹಿಂಡಿದರೆ ಚರಚರ ಅನ್ನುತ್ತದೆ. ತ್ರಿಕೋನದ ರೀಸೈಕಲ್ ಗುರುತು ಇದ್ದರೆ ಒಳಗಿನ ಅಂಕಿ ನೋಡಿ: 3 ಅಂದರೆ ಪಿವಿಸಿ, 5 ಅಂದರೆ ಪಾಲಿಪ್ರೊಪಿಲೀನ್.

ಮಾರಿದವರ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲು ‘ನಿಮ್ಮ ಊರಿನ ಹವೆ’ ಅಂದರು. ಆಮೇಲೆ ‘ಬಿಸಿನೀರಲ್ಲಿ ತೊಳೆದಿರಬೇಕು’ ಅಂದರು. ಫೋಟೋ, ವಿಡಿಯೋ ಎಲ್ಲ ಕಳಿಸಿದ ಮೇಲೆ ಬ್ಲಾಕ್ ಮಾಡಿದರು. ಯುಪಿಐನಲ್ಲಿ ದುಡ್ಡು ಹೋದದ್ದು ಯಾರದೋ ಖಾಸಗಿ ಖಾತೆಗೆ. ಬಿಲ್ಲಿಲ್ಲ, ವಿಳಾಸವಿಲ್ಲ. ಪ್ಯಾಕೆಟ್ಟಿನ ಮೇಲೆ ಚೀನೀ ಅಕ್ಷರ ಬಿಟ್ಟರೆ ಬೇರೇನೂ ಇಲ್ಲ. ಹೊರದೇಶದಿಂದ ಬಂದ ಪ್ಯಾಕೆಟ್ಟಿನ ಮೇಲೆ ಆಮದು ಮಾಡಿದವರ ಹೆಸರು ವಿಳಾಸ, ಯಾವ ದೇಶದ್ದು, ಎಂಆರ್‌ಪಿ ಎಷ್ಟು ಅಂತ ಇರಲೇಬೇಕು ಅನ್ನುತ್ತದೆ ನಮ್ಮ ಕಾನೂನು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನಲು ಮಾರುವವರಿಗೆ ಹಕ್ಕಿಲ್ಲ. ‘ನೋ ರಿಟರ್ನ್’ ಅಂತ ಪೇಜಿನ ಮೇಲೆ ಬರೆದುಕೊಂಡರೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಆದರೆ ದೂರು ತಲುಪಲು ಆ ಕಡೆ ಒಂದು ಹೆಸರು, ಒಂದು ವಿಳಾಸ ಬೇಕಲ್ಲ. ಆದ್ದರಿಂದ ದುಡ್ಡು ಹಾಕುವ ಮುಂಚೆಯೇ ಬಿಲ್ಲು ಕೊಡುತ್ತೀರಾ ಅಂತ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನು ಕಾಂಬೊದ ಸ್ಟಾಂಪುಗಳು. ಪೇಜಿನಲ್ಲಿ ‘ಫೋಟೋಪಾಲಿಮರ್’ ಅಂತ ಹಾಕಿದ್ದರು, ಬಂದದ್ದು ಸಿಲಿಕೋನ್. ನೋಡಲು ಎರಡೂ ಪಾರದರ್ಶಕವೇ. ಸಿಲಿಕೋನ್ ಸ್ವಲ್ಪ ಹಾಲು ಬೆರೆತಂತೆ ಮಂಜಾಗಿರುತ್ತದೆ, ಕೈಗೆ ಜಾರುತ್ತದೆ. ನಿಜ ಬಯಲಾಗುವುದು ಇಂಕ್ ಪ್ಯಾಡಿಗೆ ತಾಗಿಸಿದಾಗ. ನೀರು ಆಧಾರದ ಡೈ ಇಂಕು ಅದರ ಮೇಲೆ ಹರಡುವುದೇ ಇಲ್ಲ, ಹನಿಹನಿಯಾಗಿ ಗುಂಪುಗೂಡುತ್ತದೆ. ಒತ್ತಿದರೆ ಗುಲಾಬಿಯ ಎಸಳಿನ ತುಂಬ ಸಿಡುಬು ಬಿದ್ದಂಥ ಬಿಳಿ ಚುಕ್ಕೆ. ಕೊಳ್ಳುವವರು ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾ ಕೂರುತ್ತಾರೆ. ಕೈಯದಲ್ಲ, ವಸ್ತುವಿನ ಗುಣವೇ ಅದು. ಬೇಕರಿ ಅಚ್ಚುಗಳನ್ನು ಸಿಲಿಕೋನಿನಲ್ಲಿ ಮಾಡುವುದು ಯಾವುದೂ ಅದಕ್ಕೆ ಹಿಡಿಯಬಾರದು ಅಂತಲೇ. ಗಟ್ಟಿ ಪಿಗ್ಮೆಂಟ್ ಇಂಕಾದರೆ ಸ್ವಲ್ಪ ವಾಸಿ, ಅಷ್ಟೇ. ಹೊಸ ಫೋಟೋಪಾಲಿಮರ್ ಸ್ಟಾಂಪಿನಲ್ಲೂ ಮೊದಲ ಸಲ ಹೀಗಾಗುವುದುಂಟು, ತಯಾರಿಕೆಯ ಜಿಡ್ಡಿನಿಂದ. ಅದನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಸರಿಹೋಗುತ್ತದೆ. ಸಿಲಿಕೋನ್ ಎಷ್ಟು ಉಜ್ಜಿದರೂ ಅಷ್ಟೇ.

ಪೇಜುಗಳಲ್ಲಿ ಸ್ಟಾಂಪಿನ ಪಕ್ಕ ತೋರಿಸುವ ಚಿತ್ರ ಬಹಳಷ್ಟು ಸಲ ಒತ್ತಿದ ಮುದ್ರೆಯೇ ಅಲ್ಲ, ಕಂಪ್ಯೂಟರಿನ ಡಿಸೈನ್ ಫೈಲು. ಅಂಚು ಎಲ್ಲೂ ಕಾಗದಕ್ಕೆ ಇಳಿದಿರುವುದಿಲ್ಲ, ಕಪ್ಪು ಎಲ್ಲ ಕಡೆ ಒಂದೇ ಸಮ. ಬಿಳಿ ಕಾಗದದ ಮೇಲೆ ಡೈ ಇಂಕಿನಲ್ಲಿ ಒಮ್ಮೆ ಒತ್ತುವ ವಿಡಿಯೋ ಕಳಿಸಿ ಅಂತ ಕೇಳಿ. ನಿಯತ್ತಿನವರು ಒಂದು ನಿಮಿಷದಲ್ಲಿ ಕಳಿಸುತ್ತಾರೆ. ಡಿಸೈನಿನಲ್ಲೂ ಮೋಸ ಇದೆ. ಹೆಸರಾಂತ ಕಂಪನಿಗಳ ಸೆಟ್ಟನ್ನೇ ನಕಲು ಹೊಡೆದು ಮಾರುತ್ತಾರೆ, ಗೆರೆಗಳು ಮೊಂಡಾಗಿರುತ್ತವೆ. ಕಷ್ಟಪಟ್ಟು ಬಿಡಿಸಿದವರಿಗೆ ಅದರಿಂದ ಒಂದು ಪೈಸೆ ಹೋಗುವುದಿಲ್ಲ.

ಮರದ ಅಚ್ಚುಗಳ ಬಗ್ಗೆ ಕೇಳುವವರಿದ್ದಾರೆ. ಗುಜರಾತಿನ ಪೇಥಾಪುರದಂಥ ಊರುಗಳಲ್ಲಿ ಕೆತ್ತುವ ಬ್ಲಾಕುಗಳು ಕಣ್ಣಿಗೆ ಹಬ್ಬ, ನಿಜ. ಆದರೆ ಅವು ಬಟ್ಟೆಗೆ ಮಾಡಿದವು. ಬಟ್ಟೆಯ ಕೆಳಗೆ ಮೆತ್ತೆ ಇರುತ್ತದೆ, ಬಣ್ಣ ಗಟ್ಟಿಯಾಗಿರುತ್ತದೆ. ಗಟ್ಟಿ ಮೇಜಿನ ಮೇಲೆ ಕಾರ್ಡ್‌ಸ್ಟಾಕ್ ಅನ್ನುವ ದಪ್ಪ ಕಾಗದ ಇಟ್ಟು ಒತ್ತಿದರೆ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ. ಕೆಳಗೆ ಫೋಮ್ ಹಾಳೆ ಹಾಕಿ ದೊಡ್ಡ ಹಿನ್ನೆಲೆಗೆ ಬಳಸಿ, ಹೆಸರು ಬರೆಯುವಷ್ಟು ಸೂಕ್ಷ್ಮ ಕೆಲಸಕ್ಕೆ ಬೇಡ.

ಕಾಂಬೊದ ಇಂಕ್ ಪ್ಯಾಡ್ ಮೇಲೆ ‘ಆರ್ಕೈವಲ್’ ಅಂತಿತ್ತು, ಅಂದರೆ ಬಹುಕಾಲ ಕೆಡದೆ ಉಳಿಯುವಂಥದ್ದು. ಒತ್ತಿ, ಒಣಗಿಸಿ, ಒದ್ದೆ ಕುಂಚ ಎಳೆದರೆ ನೀಲಿ ಹೊಳೆಯೇ ಹರಿಯಿತು. ಪುಣ್ಯಕ್ಕೆ ಅದನ್ನು ಚೂರು ಕಾಗದದ ಮೇಲೆ ನೋಡಿದ್ದೆ, ಪಕ್ಕದಲ್ಲೇ ಇದ್ದದ್ದು ಅಜ್ಜನ ಒಂದೇ ಒಂದು ಕಪ್ಪು-ಬಿಳುಪು ಫೋಟೋ. ಅಂಥ ಹಳೆಯ ಫೋಟೋ ಇರುವವರಿಗೆ ಇನ್ನೊಂದು ವಿಷಯ. ಕೆಂಪು ರಬ್ಬರನ್ನು ಗಟ್ಟಿ ಮಾಡುವುದು ಗಂಧಕದಿಂದ, ಹಳೆಯ ಕಪ್ಪು-ಬಿಳುಪು ಫೋಟೋದ ಚಿತ್ರ ಇರುವುದು ಬೆಳ್ಳಿಯಿಂದ. ಗಂಧಕಕ್ಕೂ ಬೆಳ್ಳಿಗೂ ಆಗಿಬರುವುದಿಲ್ಲ. ರಬ್ಬರ್ ಬ್ಯಾಂಡು ಹಾಕಿಟ್ಟ ಫೋಟೋ ಕಟ್ಟಿನಲ್ಲಿ ಬಣ್ಣಗೆಟ್ಟ ಪಟ್ಟಿ ನೋಡಿರುತ್ತೀರಿ. ರಬ್ಬರಿನ ಸ್ಟಾಂಪು, ಫೋಟೋ ಎರಡನ್ನೂ ಒಂದೇ ಡಬ್ಬದಲ್ಲಿ ಮುಚ್ಚಿಡಬೇಡಿ, ‘ಒಂದು ಪ್ರಾಜೆಕ್ಟಿನದೆಲ್ಲ ಒಂದೇ ಕಡೆ ಇರಲಿ’ ಅಂತ ಯೂಟ್ಯೂಬಿನಲ್ಲಿ ಯಾರು ಹೇಳಿದರೂ ಸರಿ.

ಈಗ ನನ್ನ ಸ್ಟಾಂಪುಗಳು ಇರುವ ರೀತಿ ಹೀಗೆ. ದಪ್ಪ ಕಾರ್ಡನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿಕೊಂಡಿದ್ದೇನೆ. ಲ್ಯಾಮಿನೇಶನ್ನಿನ ಹೊರಪದರ ಪಾಲಿಯೆಸ್ಟರ್, ಕ್ಲಿಯರ್ ಸ್ಟಾಂಪು ಅದಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ, ಸುಲಭವಾಗಿ ಬಿಡುತ್ತದೆ. ಲ್ಯಾಮಿನೇಟ್ ಮಾಡಿಸುವ ಮುಂಚೆಯೇ ಆ ಕಾರ್ಡಿನ ಮೇಲೆ ಸೆಟ್ಟಿನ ಎಲ್ಲ ಸ್ಟಾಂಪುಗಳನ್ನು ಒಂದೊಂದಾಗಿ ಒತ್ತಿಬಿಟ್ಟರೆ ಯಾವುದು ಎಲ್ಲಿ ಕೂರಬೇಕು ಅಂತ ಚಿತ್ರವೇ ಹೇಳುತ್ತದೆ, ಒಂದು ಕಾಣೆಯಾದರೆ ತಕ್ಷಣ ಗೊತ್ತಾಗುತ್ತದೆ. ಕಾರ್ಡನ್ನು ಪಾಲಿಪ್ರೊಪಿಲೀನ್ ಪಾಕೆಟ್ಟಿನಲ್ಲಿಟ್ಟು ಪುಸ್ತಕದಂತೆ ನಿಲ್ಲಿಸಿಡಬೇಕು. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಸಣ್ಣ ಗೆರೆ ಬಾಗುತ್ತವೆ. ಬಿಸಿಲು ಬೇಡ. ಹಳದಿಯಾದರೆ ಗಾಬರಿ ಬೇಡ, ಅದು ಇಂಕಿನ ಕಲೆ ಮತ್ತು ಬೆಳಕಿನ ಪರಿಣಾಮ, ಮುದ್ರೆ ಚೆನ್ನಾಗಿಯೇ ಬೀಳುತ್ತದೆ. ಸಾಲ್ವೆಂಟ್ ಇಂಕಿನ ಕ್ಲೀನರ್, ಥಿನ್ನರ್ ಮಾತ್ರ ಫೋಟೋಪಾಲಿಮರಿಗೆ ತಾಗಿಸಬೇಡಿ. ತಣ್ಣೀರು, ಒಂದು ಹನಿ ಸೋಪು ಸಾಕು.

ವಿಂಗಡಣೆಯಲ್ಲಿ ಹೂವು, ಹಕ್ಕಿ ಅನ್ನುವ ಹಂಚಿಕೆ ನನಗೆ ಉಪಯೋಗಕ್ಕೆ ಬರಲಿಲ್ಲ. ಪುಟ ಮಾಡುವಾಗ ಯಾರೂ ‘ಹಕ್ಕಿ ಬೇಕು’ ಅಂತ ಹೊರಡುವುದಿಲ್ಲ. ಹಿನ್ನೆಲೆ ತುಂಬಲು, ಮೂಲೆಗೆ, ಮಾತು ಬರೆಯಲು, ಹೀಗೆ ಕೆಲಸದ ಪ್ರಕಾರ ಇಟ್ಟ ಮೇಲೆ ಎಷ್ಟೋ ಸೆಟ್ಟುಗಳು ಒಂದೇ ಕೆಲಸದವು ಅಂತ ಕಂಡಿತು. ಹೊಸದು ತರಿಸುವ ಆಸೆಯೂ ಅರ್ಧ ಇಳಿಯಿತು.

ನಿಮ್ಮ ಸ್ಟಾಂಪುಗಳು ಈಗಾಗಲೇ ಮೆತ್ತಗಿನ, ವಾಸನೆಯ ಫೋಲ್ಡರಿನಲ್ಲಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಬರೀ ಅಂಟಂಟು ಅನಿಸಿದರೆ ಸೋಪುನೀರಲ್ಲಿ ತೊಳೆದು ಒಣಗಿಸಿ, ಬೇರೆ ಸ್ಟಾಂಪಿಗೆ ತಾಗದಂತೆ ಕೆಲವು ದಿನ ಇಟ್ಟು ನೋಡಿ. ಜಿಡ್ಡು ತಿರುಗಿ ಬಾರದಿದ್ದರೆ ಉಳಿಯಿತು. ಬರುತ್ತಲೇ ಇದ್ದರೆ ಅದನ್ನು ಉಳಿದವುಗಳ ಜೊತೆ ಸೇರಿಸಬೇಡಿ, ಅದರೊಳಗಿನ ಎಣ್ಣೆ ಪಕ್ಕದ್ದಕ್ಕೂ ದಾಟುತ್ತದೆ. ಖಾಲಿ ಫೋಲ್ಡರನ್ನು ಮಕ್ಕಳ ಕ್ರೇಯಾನ್ಸಿಗೆ, ಫೋಟೋಗೆ ಅಂತ ಯಾರಿಗೂ ದಾಟಿಸದೆ ಒಣ ಕಸಕ್ಕೆ ಹಾಕಿ.