ತುಮಕೂರು ರೈಲಿನಲ್ಲಿ ವರ್ಷಗಟ್ಟಲೆ ಕೇಳಿದ ‘ಅಮೆರಿಕನ್ ಈಡಿಯಟ್’

ಅಮೆರಿಕದ ಪಂಕ್ ರಾಕ್ ತಂಡ ಗ್ರೀನ್ ಡೇಯ ‘ಅಮೆರಿಕನ್ ಈಡಿಯಟ್’ ಆಲ್ಬಮ್ಮಿನ ಸಿಡಿ ಕೈಗೆ ಬಂದಿದ್ದು 2005ರಲ್ಲಿ, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ. ಮೊದಲ ಸಲ ಕೇಳಿ ಬೇಜಾರಾಗಿತ್ತು. ಗ್ರೀನ್ ಡೇ ಅಂದರೆ ನನಗೆ ಅವರ 1994ರ ಆಲ್ಬಮ್ ‘ಡೂಕಿ’. ಎರಡು ಮೂರು ನಿಮಿಷದಲ್ಲಿ ಸಿಡಿದು ಮುಗಿಯುವ ಹಾಡುಗಳು. ಇಲ್ಲಿ ಎರಡನೇ ಹಾಡೇ ಒಂಬತ್ತು ನಿಮಿಷ! ಪಂಕ್ ತಂಡಕ್ಕೆ ಯಾಕಪ್ಪಾ ಈ ಉಸಾಬರಿ ಅನ್ನಿಸಿ ಎತ್ತಿಟ್ಟುಬಿಟ್ಟೆ.

ಮತ್ತೆ ಹೊರಗೆ ತೆಗೆಸಿದ್ದು ಗುಬ್ಬಿಯ ನಮ್ಮ ತಾತ. ವೀರಣ್ಣನವರ ಕಂಪನಿ ನಾಟಕಗಳನ್ನು ರಾತ್ರಿಯಿಡೀ ಕೂತು ನೋಡಿದವರು. ರಂಗಗೀತೆಗಳ ಕ್ಯಾಸೆಟ್ ತಂದುಕೊಟ್ಟರೆ, ‘ಬರೀ ಹಾಡು ಕೇಳಿದ್ರೆ ಏನ್ ತಿಳಿಯುತ್ತೋ? ಹಿಂದಿನ ಸೀನು ಗೊತ್ತಿರ್ಬೇಕು’ ಅಂದರು. ಅವತ್ತೇ ರಾತ್ರಿ ಆ ಸಿಡಿ ತೆಗೆದು 57 ನಿಮಿಷ ಒಂದೇ ಬೈಠಕ್ಕಿನಲ್ಲಿ, ಕತೆ ಹಿಡಿದು ಕೇಳಿದೆ. ಊರು ಬಿಟ್ಟು ನಗರ ಸೇರಿ, ಒಬ್ಬ ಗೆಳೆಯನನ್ನೂ ಒಬ್ಬ ಹುಡುಗಿಯನ್ನೂ ಕಳೆದುಕೊಂಡು ಮನೆಗೆ ಮರಳುವ ಹುಡುಗನ ಕತೆ. ಆ ಒಂಬತ್ತು ನಿಮಿಷದ ‘ಜೀಸಸ್ ಆಫ್ ಸಬರ್ಬಿಯಾ’ದಲ್ಲಿ ಐದು ಭಾಗ. ಅವನ ಮನಸ್ಸು ಬದಲಾದಾಗೆಲ್ಲ ಲಯ ಬದಲಾಗುತ್ತೆ. ‘ಹೋಮ್‌ಕಮಿಂಗ್’ನಲ್ಲಂತೂ ಬೇಸ್ ಗಿಟಾರ್ ನುಡಿಸುವ ಮೈಕ್ ಡರ್ನ್ಟ್, ಡ್ರಮ್ಸ್‌ನ ಟ್ರೇ ಕೂಲ್ ಒಂದೊಂದು ಭಾಗ ತಾವೇ ಹಾಡ್ತಾರೆ, ಸ್ಯಾಕ್ಸೋಫೋನೂ ಬರುತ್ತೆ. ಪಾತ್ರಗಳು ಸರದಿಯ ಮೇಲೆ ರಂಗದ ಮುಂದಕ್ಕೆ ಬಂದ ಹಾಗೆ. 2010ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಇದು ನಾಟಕವೇ ಆಯಿತು ಅಂತ ಓದಿದಾಗ ತಾತನಿಗೆ ಓಡಿಹೋಗಿ ಹೇಳಿದ್ದೆ.

ಇದು ಗ್ರೀನ್ ಡೇಯ ಏಳನೇ ಆಲ್ಬಮ್. ಇದಕ್ಕೂ ಮುಂಚೆ ರೆಕಾರ್ಡ್ ಮಾಡಿದ್ದ ಟೇಪುಗಳು ಕಳುವಾದಾಗ ಅವನ್ನೇ ಮತ್ತೆ ನುಡಿಸದೆ ಹೊಸದಾಗಿ ಶುರುಮಾಡಿದರು. ಅಷ್ಟು ವರ್ಷ ಪಳಗಿದ ಮೇಲೆ ಗೊತ್ತಿರುವ ದಾರಿ ಬಿಡೋದು ಸಣ್ಣ ಧೈರ್ಯವಲ್ಲ.

ಕೊರತೆ ಇಲ್ಲದಿಲ್ಲ. ನಡುವೆ ‘ಶೀಸ್ ಎ ರೆಬೆಲ್’ ಹೊತ್ತಿಗೆ ಕತೆಯ ಎಳೆ ಮಸುಕಾಗುತ್ತೆ, ಆ ಹಾಡು ನನಗೆ ಇವತ್ತಿಗೂ ಹಿಡಿಸಿಲ್ಲ. ಅಗ್ಗದ ಇಯರ್‌ಫೋನಿನಲ್ಲಿ ಗಿಟಾರ್‌ಗಳೆಲ್ಲ ಒಂದರ ಮೇಲೊಂದು ಬಿದ್ದು ಕಿವಿ ದಣಿಯುತ್ತೆ. ‘ವೇಕ್ ಮಿ ಅಪ್ ವೆನ್ ಸೆಪ್ಟೆಂಬರ್ ಎಂಡ್ಸ್’ ಮೊದಲು ಸಪ್ಪೆ ಅನ್ನಿಸಿತ್ತು. ತಂಡದ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಹತ್ತು ವರ್ಷದವನಿದ್ದಾಗ, 1982ರಲ್ಲಿ ತೀರಿಕೊಂಡ ಅಪ್ಪನಿಗಾಗಿ ಬರೆದ ಹಾಡು ಅದು. ತಾತ ಹೋದ ಮೇಲೆ ನಾನು ಅದನ್ನು ದಾಟಿಸಿ ಮುಂದೆ ಹೋಗಿಲ್ಲ.

ಈಗ ಬೆಂಗಳೂರಿಗೆ ದಿನಾ ರೈಲು. ತುಮಕೂರಿನಲ್ಲಿ ಹಚ್ಚಿದರೆ ಯಶವಂತಪುರ ಬರುವಷ್ಟರಲ್ಲಿ ಮುಗಿದಿರುತ್ತೆ. ನೀವೂ ಕೇಳುವುದಾದರೆ ಫೋನಿನಲ್ಲಿ ಶಫಲ್ ತೆಗೆದುಹಾಕಿ, ಹಾಡುಗಳ ನಡುವೆ ಬಿಡುವು ಬರದ ಹಾಗೆ ಸೆಟ್ ಮಾಡಿಕೊಳ್ಳಿ. ‘ಹಾಲಿಡೇ’ ಮುಗಿಯುವಾಗಲೇ ಮುಂದಿನ ಹಾಡು ‘ಬೂಲೆವಾರ್ಡ್ ಆಫ್ ಬ್ರೋಕನ್ ಡ್ರೀಮ್ಸ್’ನ ನಡುಗುವ ಗಿಟಾರ್ ಹುಟ್ಟಿಕೊಳ್ಳುತ್ತೆ, ಅದು ತುಂಡಾಗಬಾರದು.