ಕಸಾಂಡ್ರಾಸ್ ಡ್ರೀಮ್: ಸೋದರಮಾವ ಕೇಳಿದ ಕೆಲಸ

ಲಂಡನ್ನಿನ ಇಬ್ಬರು ಅಣ್ಣತಮ್ಮಂದಿರು ಹಳೆಯ ಹಾಯಿದೋಣಿಯೊಂದನ್ನು ಕೊಳ್ಳುವಲ್ಲಿಂದ ಸಿನಿಮಾ ಶುರುವಾಗುತ್ತದೆ. ದೋಣಿ ಹೊಸದರ ಹಾಗೇ ಇದೆ, ಬೆಲೆ ಮಾತ್ರ ಅನುಮಾನ ಬರುವಷ್ಟು ಅಗ್ಗ. ಇಬ್ಬರಲ್ಲಿ ಒಬ್ಬನಾದ ಟೆರ್ರಿ ನಾಯಿ ರೇಸಿನಲ್ಲಿ ಗೆದ್ದ ದುಡ್ಡು ಅದಕ್ಕೆ ಹೋಗುತ್ತದೆ. ಗೆಲ್ಲಿಸಿದ ನಾಯಿಯ ಹೆಸರನ್ನೇ ದೋಣಿಗೂ ಇಡುತ್ತಾರೆ: ಕಸಾಂಡ್ರಾಸ್ ಡ್ರೀಮ್, ಕಸಾಂಡ್ರಾಳ ಕನಸು. ಕಸಾಂಡ್ರಾ ಯಾರೆಂಬುದು ಇಬ್ಬರಿಗೂ ಗೊತ್ತಿಲ್ಲ.

ಗ್ರೀಕರ ಕಥೆಯಲ್ಲಿ ಅವಳು ಟ್ರಾಯ್ ದೊರೆ ಪ್ರಿಯಾಮನ ಮಗಳು. ಮುಂದಾಗುವ ಕೇಡು ಅವಳಿಗೆ ಕಾಣುತ್ತಿತ್ತು, ಬಾಯಿ ಬಿಟ್ಟು ಹೇಳುತ್ತಲೂ ಇದ್ದಳು. ಅವಳ ಮಾತನ್ನು ಯಾರೂ ನಂಬದಿರಲಿ ಎಂದು ಅಪೋಲೊ ಶಾಪ ಕೊಟ್ಟಿದ್ದ. ಕೊಪ್ಪಳ, ಗಂಗಾವತಿ ಕಡೆಯ ನೋಡುಗರಿಗೆ ಇವಳ ಗುರುತು ಹಿಡಿಯುವುದು ಕಷ್ಟವಾಗಲಿಕ್ಕಿಲ್ಲ. ಸುಗ್ರೀವ ಎರಡನೇ ಸಲ ಬಂದು ಅಬ್ಬರಿಸಿದಾಗ, ಅವನ ಬೆನ್ನಿಗೆ ಯಾರೋ ಇದ್ದಾರೆ, ಇವತ್ತು ಹೊರಗೆ ಹೋಗಬೇಡ ಎಂದು ವಾಲಿಯನ್ನು ತಡೆದ ಅವನ ಹೆಂಡತಿ ತಾರೆಯೂ ಇದೇ ಸಾಲಿನವಳು. ವಾಲಿ ಕೇಳಲಿಲ್ಲ. ಆನೆಗೊಂದಿಯಲ್ಲಿ ಚಿಂತಾಮಣಿಯ ಹೊಳೆದಂಡೆಗೆ ಹೋದರೆ, ರಾಮ ಬಾಣ ಬಿಟ್ಟದ್ದು ಇಲ್ಲಿಂದಲೇ ಎಂದು ಈಗಲೂ ತೋರಿಸುತ್ತಾರೆ.

2007ರ ಸಿನಿಮಾ ಇದು. ಬರೆದು ನಿರ್ದೇಶಿಸಿದವರು ವುಡಿ ಅಲೆನ್, ಅವಧಿ 108 ನಿಮಿಷ. ಅಣ್ಣತಮ್ಮಂದಿರಲ್ಲಿ ಐಯಾನ್ ಆಗಿ ಇವಾನ್ ಮೆಕ್‌ಗ್ರೆಗರ್, ಟೆರ್ರಿಯಾಗಿ ಕಾಲಿನ್ ಫಾರೆಲ್, ಸೋದರಮಾವ ಹೋವರ್ಡ್ ಆಗಿ ಟಾಮ್ ವಿಲ್ಕಿನ್ಸನ್. ಕೊಲೆಯ ಕಥೆ ಎಂದರೆ ಕೊಲೆಗಾರ ಯಾರು ಎಂಬ ಗುಟ್ಟು ಕೊನೆಯವರೆಗೂ ಇರಬೇಕು ಎನ್ನುವವರಿಗೆ ಇದು ಹಿಡಿಸುವುದಿಲ್ಲ. ಇಲ್ಲಿ ಗುಟ್ಟೇ ಇಲ್ಲ. ಯಾರು ಕೊಲ್ಲುತ್ತಾರೆ, ಯಾಕೆ ಕೊಲ್ಲುತ್ತಾರೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ರಾತ್ರಿಯಿಡೀ ಕೂತು ದೊಡ್ಡಾಟ ನೋಡಿದವರಿಗೆ ಈ ಬಗೆ ಹೊಸದಲ್ಲ. ವಾಲಿ ಸಾಯುತ್ತಾನೆಂದು ಮದ್ದಳೆಗೆ ಮೊದಲ ಪೆಟ್ಟು ಬೀಳುವ ಮೊದಲೇ ಎಲ್ಲರಿಗೂ ಗೊತ್ತು, ಆದರೂ ಬೆಳಗಿನ ಜಾವದ ತನಕ ಯಾರೂ ಎದ್ದು ಹೋಗುವುದಿಲ್ಲ. ಹಾಗಾಗಿ ಈ ಬರಹದಲ್ಲೂ ಕೊನೆಯನ್ನು ಮುಚ್ಚಿಟ್ಟಿಲ್ಲ.

ಚಿತ್ರಕಥೆಯ ನಿಜವಾದ ಬುನಾದಿ ಇರುವುದು ಮನೆಯ ಊಟದ ಮೇಜಿನ ಸುತ್ತ. ಅಪ್ಪನಿಗೆ ಒಂದು ಹೋಟೆಲು, ಅದು ಅಷ್ಟಕ್ಕಷ್ಟೆ. ಅಮ್ಮನ ಬಾಯಲ್ಲಿ ಯಾವಾಗಲೂ ತನ್ನ ಅಣ್ಣತಮ್ಮನ ಗುಣಗಾನ: ಹೋವರ್ಡ್ ದೊಡ್ಡ ಪ್ಲಾಸ್ಟಿಕ್ ಸರ್ಜನ್, ಹೋವರ್ಡ್ ಕೈ ಹಿಡಿದಿದ್ದಕ್ಕೇ ನಾವು ಉಳಿದೆವು. ತವರಿನ ಹೆಮ್ಮೆ ಗಂಡನ ಎದೆಗೆ ಹೇಗೆ ಚುಚ್ಚುತ್ತದೆ, ಮಕ್ಕಳ ತಲೆಗೆ ಹೇಗೆ ಏರುತ್ತದೆ ಎಂಬುದು ಬಳ್ಳಾರಿ–ರಾಯಚೂರು ಸೀಮೆಯ ಯಾವ ಮನೆಗೂ ಬಿಡಿಸಿ ಹೇಳಬೇಕಿಲ್ಲ. ಸೋದರಮಾವ ಎಂದರೆ ಕಷ್ಟಕ್ಕೆ ಮೊದಲು ನೆನಪಾಗುವವನು. ನಮ್ಮ ಪುರಾಣಗಳು ಈ ಸಂಬಂಧದ ಇನ್ನೊಂದು ಮಗ್ಗುಲನ್ನೂ ಮರೆತಿಲ್ಲ. ಕಂಸ ಸೋದರಮಾವ, ಶಕುನಿಯೂ ಸೋದರಮಾವ.

ಇಬ್ಬರಿಗೂ ದುಡ್ಡಿನ ಗರಜು ಬೇರೆ ಬೇರೆ. ಟೆರ್ರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಜೂಜಿನ ಚಟ. ನಾಯಿ ರೇಸಿನಿಂದ ಇಸ್ಪೀಟಿಗೆ, ಸಣ್ಣ ಗೆಲುವಿನಿಂದ ದೊಡ್ಡ ಸೋಲಿಗೆ ಹೋಗಿ ಕೊನೆಗೆ 90,000 ಪೌಂಡ್ ಸಾಲ ತಲೆ ಮೇಲೆ ಬೀಳುತ್ತದೆ. ಅಂದರ್ ಬಾಹರ್ ಕಣದಲ್ಲಿ ಕೂತು ಹೊಲ ಬರೆದುಕೊಟ್ಟವರನ್ನು ಕಂಡ ಊರುಗಳಿಗೆ ಈ ಲೆಕ್ಕ ಅರ್ಥವಾಗುತ್ತದೆ. ಕಳೆದದ್ದನ್ನು ಮರಳಿ ತರಲು ಕೂರುವ ಆಟವೇ ಎಲ್ಲಕ್ಕಿಂತ ದುಬಾರಿ. ಐಯಾನ್‌ನದು ತೋರಿಕೆಯ ಬಾಳು. ಅಪ್ಪನ ಹೋಟೆಲಿನಲ್ಲಿ ದುಡಿಯುತ್ತ, ಟೆರ್ರಿಯ ಗ್ಯಾರೇಜಿಗೆ ರಿಪೇರಿಗೆ ಬಂದ ಗಿರಾಕಿಯ ಜಾಗ್ವಾರ್ ಕಾರು ಓಡಿಸಿಕೊಂಡು, ನಟಿ ಏಂಜೆಲಾಳ ಮುಂದೆ ಸಾಹುಕಾರನಂತೆ ನಿಲ್ಲುತ್ತಾನೆ. ಕ್ಯಾಲಿಫೋರ್ನಿಯಾದ ಹೋಟೆಲುಗಳಲ್ಲಿ ಹಣ ಹೂಡುವ ಮಾತಾಡುತ್ತಾನೆ. ಒಬ್ಬನಿಗೆ ಬಡ್ಡಿಯವರ ಹೆದರಿಕೆ, ಇನ್ನೊಬ್ಬನಿಗೆ ಆಸೆ. ಮುಂದೆ ಇಬ್ಬರೂ ಒಂದೇ ಪಾಪ ಮಾಡಿದರೂ ಒಂದೇ ರೀತಿ ಅನುಭವಿಸದಿರುವುದಕ್ಕೆ ಬೀಜ ಇಲ್ಲೇ ಇದೆ. ಮೊದಲ ಅರ್ಧ ಗಂಟೆ ನಿಧಾನ ಎಂದು ಓಡಿಸಿ ನೋಡಿದವರು ಈ ವ್ಯತ್ಯಾಸವನ್ನೇ ಕಳೆದುಕೊಳ್ಳುತ್ತಾರೆ, ಆಮೇಲೆ ಟೆರ್ರಿ ಯಾಕೆ ಇಷ್ಟು ಒದ್ದಾಡುತ್ತಾನೆ ಎಂದು ಕೇಳುತ್ತಾರೆ.

ಮಾವ ಊರಿಗೆ ಬರುತ್ತಾನೆ. ಸಾಲ ತೀರಿಸುತ್ತೇನೆ, ಬಂಡವಾಳ ಕೊಡುತ್ತೇನೆ ಅನ್ನುತ್ತಾನೆ. ಬದಲಿಗೆ ಒಂದು ಕೆಲಸ. ಹಳೆಯ ವ್ಯವಹಾರದ ಒಡನಾಡಿ ಮಾರ್ಟಿನ್ ಬರ್ನ್ಸ್ ತನ್ನ ವಿರುದ್ಧ ಸಾಕ್ಷಿ ಹೇಳಲಿದ್ದಾನೆ, ಅವನು ಇರಬಾರದು. ಈ ಒಂದು ದೃಶ್ಯಕ್ಕಾಗಿಯೇ ಸಿನಿಮಾ ನೋಡಬಹುದು. ಮಳೆ ಹನಿಯುತ್ತಿದೆ, ಮೂವರೂ ಮರದ ಕೆಳಗೆ ನಿಂತಿದ್ದಾರೆ. ಮಾವ ಮೊದಲು ಸುತ್ತಿ ಬಳಸಿ ಮಾತಾಡುತ್ತಾನೆ, ಹುಡುಗರಿಗೆ ಅರ್ಥವಾಗುವುದಿಲ್ಲ. ಅರ್ಥವಾದಾಗ ಅವರು ಹಿಂದೆ ಸರಿಯುತ್ತಾರೆ, ಅಷ್ಟರಲ್ಲಿ ಅವನು ಸಿಡಿದು ಬೀಳುತ್ತಾನೆ. ನಿಮಗಾಗಿ ನಾನೇನು ಮಾಡಿಲ್ಲ, ಮನೆಯವರೆಂದ ಮೇಲೆ ಇಷ್ಟೂ ಆಗುವುದಿಲ್ಲವೇ ಎಂಬ ಧಾಟಿ. ಇಲ್ಲಿ ವಿಲ್ಕಿನ್ಸನ್ ಮುಖ ನೋಡಬೇಕು. ಕೊಲೆ ಮಾಡಿಸುವ ದುಷ್ಟನ ಕಳೆ ಅಲ್ಲಿಲ್ಲ, ಕೊಟ್ಟ ಉಪಕಾರ ಮರಳಿ ಬರಲಿಲ್ಲ ಎಂದು ಮುನಿಸಿಕೊಂಡ ಹಿರಿಯನ ಸಂಕಟವಿದೆ. ಬೆದರಿಕೆಗಿಂತ ಈ ಮುನಿಸೇ ಹುಡುಗರನ್ನು ಕಟ್ಟಿಹಾಕುತ್ತದೆ.

ಕೊಲೆಯ ತಯಾರಿಯನ್ನು ಅಲೆನ್ ಹೆಚ್ಚು ಹಿಗ್ಗಿಸಿಲ್ಲ. ಗುರುತು ಸಿಗದ, ಆಮೇಲೆ ಸುಲಭವಾಗಿ ಇಲ್ಲವಾಗಿಸಬಹುದಾದ ನಾಡ ಪಿಸ್ತೂಲು ಎರಡು. ಮೊದಲ ದಿನ ಬರ್ನ್ಸ್ ಮನೆಯೊಳಗೇ ಅಡಗಿ ಕೂರುತ್ತಾರೆ. ಅವನು ಒಬ್ಬನೇ ಬರುವ ಬದಲು ಹೆಂಗಸೊಬ್ಬಳ ಜೊತೆ ಬರುತ್ತಾನೆ. ಸದ್ದಾಗದಂತೆ ಜಾರಿಕೊಳ್ಳುತ್ತಾರೆ. ಕಥೆ ಕಟ್ಟುವವರು ಕಲಿಯಬೇಕಾದ ಜಾಗ ಇದು. ಕೆಲಸ ಮೊದಲ ಸಲವೇ ಆಗಿಬಿಟ್ಟಿದ್ದರೆ ಆವೇಶದಲ್ಲಿ ಆಯಿತು ಅನ್ನಬಹುದಿತ್ತು. ಒಂದು ರಾತ್ರಿ ಯೋಚಿಸಲು ಸಿಕ್ಕಿತು, ಬಿಟ್ಟುಬಿಡಲು ದೈವವೇ ದಾರಿ ತೋರಿಸಿತು, ಆದರೂ ಮರುದಿನ ಹೋದರು. ಹಣೆಬರಹ ಎಂಬ ಮಾತಿಗೆ ಇಲ್ಲಿಂದ ಮುಂದೆ ತೂಕ ಕಡಿಮೆಯಾಗುತ್ತದೆ, ತಪ್ಪಿನ ತೂಕ ಹೆಚ್ಚುತ್ತದೆ.

ಎರಡನೇ ಸಲ ಗುಂಡು ಹಾರುವಾಗ ಕ್ಯಾಮೆರಾ ಹಸಿರು ಬೇಲಿಯ ಮರೆಗೆ ಸರಿಯುತ್ತದೆ. ರಕ್ತ ಕಾಣುವುದಿಲ್ಲ. ಹೊಡೆದಾಟ, ರಕ್ತಪಾತ ನಿರೀಕ್ಷಿಸಿ ಕೂತವರಿಗೆ ಇದು ಸಪ್ಪೆ ಅನಿಸುತ್ತದೆ. ಮರೆಯಲ್ಲಿ ನಿಂತು ಬಿಟ್ಟ ಬಾಣದ ಬಗ್ಗೆ ಸಾಯುತ್ತಿದ್ದ ವಾಲಿ ರಾಮನನ್ನೇ ಪ್ರಶ್ನಿಸಿದ ನೆಲದಲ್ಲಿ ಕೂತು ನೋಡುವವರಿಗೆ ಆ ಬೇಲಿ ಬೇರೆಯೇ ಮಾತಾಡುತ್ತದೆ.

ಇಲ್ಲಿಂದ ಸಿನಿಮಾ ಟೆರ್ರಿಯದು. ಐಯಾನ್ ಕೈ ತೊಳೆದುಕೊಂಡವನಂತೆ ಮುಂದೆ ನಡೆಯುತ್ತಾನೆ. ಟೆರ್ರಿಗೆ ನಿದ್ದೆಯಿಲ್ಲ, ಕುಡಿತ ಹೆಚ್ಚುತ್ತದೆ, ಮಾತ್ರೆಗಳೂ ಸೇರುತ್ತವೆ. ಫಾರೆಲ್ ಇದನ್ನು ಕೂಗಾಡದೆ ಮಾಡಿದ್ದಾರೆ: ಇಳಿದ ಹುಬ್ಬು, ಎದುರಿನವರ ಮುಖದ ಮೇಲೆ ನಿಲ್ಲದ ಕಣ್ಣು, ಅರ್ಧಕ್ಕೇ ನಿಲ್ಲುವ ವಾಕ್ಯ. ತಾನೊಬ್ಬನನ್ನು ಕೊಂದೆ ಎಂದು ಮದುವೆಯಾಗಬೇಕಿದ್ದ ಕೇಟ್ ಮುಂದೆ ಬಾಯಿ ಬಿಡುತ್ತಾನೆ. ಅವಳು ಅದನ್ನು ಕಾಯಿಲೆ ಎಂದುಕೊಳ್ಳುತ್ತಾಳೆ. ಐಯಾನ್ ಬಳಿ ಬಂದು, ಕೊಲೆ ಮಾಡಿದ್ದೇನೆ ಅಂತ ಇವನು ನಂಬಿಕೊಂಡುಬಿಟ್ಟಿದ್ದಾನೆ ಎಂದು ಗೋಳಾಡುತ್ತಾಳೆ. ದೋಣಿಯ ಮೇಲೆ ಬರೆದ ಹೆಸರು ಜೀವ ಪಡೆಯುವುದು ಈ ಗಳಿಗೆಯಲ್ಲಿ. ಸಿನಿಮಾದ ಕಸಾಂಡ್ರಾ ಟೆರ್ರಿಯೇ. ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಅವನೊಬ್ಬನೇ, ಎಲ್ಲರ ಕಿವಿಗೂ ಅದು ಹುಚ್ಚು. ಸ್ಯಾಲಿ ಹಾಕಿನ್ಸ್ ಕೇಟ್ ಪಾತ್ರದಲ್ಲಿ ತೋರಿಸುವ ಕಳಕಳಿ ಎಷ್ಟು ನಿಜವೋ, ಆ ಕಳಕಳಿಯೇ ಟೆರ್ರಿಯ ಬಾಯಿ ಮುಚ್ಚಿಸುತ್ತದೆ.

ಪೊಲೀಸರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದು ಅವನು ಹಟ ಹಿಡಿದ ಮೇಲೆ ಐಯಾನ್ ಮಾವನ ಬಳಿ ಓಡುತ್ತಾನೆ. ಇಬ್ಬರೂ ಸೇರಿ ಟೆರ್ರಿಯನ್ನೇ ಮುಗಿಸಲು ನಿಶ್ಚಯಿಸುತ್ತಾರೆ: ದೋಣಿಯಲ್ಲಿ ಕರೆದೊಯ್ದು ವಿಷ ಹಾಕುವುದು. ಗುಹೆಯ ಬಾಯಿಗೆ ಬಂಡೆ ಮುಚ್ಚಿ ಬಂದ ಸುಗ್ರೀವನಿಗೆ ಅಣ್ಣ ಸತ್ತನೆಂಬ ನಂಬಿಕೆಯಾದರೂ ಇತ್ತು. ಐಯಾನ್‌ಗೆ ಅಂಥ ನೆಪವೂ ಇಲ್ಲ. ಆದರೂ ದೋಣಿಯಲ್ಲಿ ಕೂತಾಗ ಅವನ ಕೈ ಬರುವುದಿಲ್ಲ. ಕೈ ಬರದ ಸಂಕಟ ಸಿಟ್ಟಾಗಿ ತಿರುಗಿ ಟೆರ್ರಿಯ ಮೇಲೆ ಬೀಳುತ್ತಾನೆ, ತಳ್ಳಾಟದಲ್ಲಿ ಕೆಳಗಿನ ಕೋಣೆಯ ಮೆಟ್ಟಿಲ ಮೇಲೆ ಉರುಳಿ ತಾನೇ ಸಾಯುತ್ತಾನೆ. ಆಮೇಲೆ ನಾವು ಕಾಣುವುದು ಪೊಲೀಸರನ್ನು. ಒಬ್ಬ ಇನ್ನೊಬ್ಬನನ್ನು ಕೊಂದು ತಾನು ನೀರಿಗೆ ಹಾರಿದ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮಾವನ ಹೆಸರು ಆ ಎರಡು ಮಾತಿನಲ್ಲಿ ಎಲ್ಲೂ ಬರುವುದಿಲ್ಲ.

ಕೊರತೆಗಳೂ ಇವೆ. ಏಂಜೆಲಾ ಪಾತ್ರಕ್ಕೆ ಐಯಾನ್‌ನ ಆಸೆಯ ಬೊಂಬೆ ಆಗುವುದರಾಚೆ ಕೆಲಸವಿಲ್ಲ. ಹೋವರ್ಡ್ ಮಾಡಿದ ಅಪರಾಧ ಯಾವುದೆಂದು ಹೇಳದೇ ಬಿಟ್ಟದ್ದರಿಂದ ಸಾಕ್ಷಿಯ ಭಯ ಬಾಯಿಮಾತಾಗಿ ಉಳಿಯುತ್ತದೆ, ಇದು ದೊಡ್ಡ ನಷ್ಟ. ಕೊಲೆಯ ನಂತರ ಅಣ್ಣತಮ್ಮಂದಿರ ಮಾತು ಮೂರು ನಾಲ್ಕು ಸಲ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಒಂದು ಸಲ ಕಡಿಮೆಯಾಗಿದ್ದರೂ ನಡೆಯುತ್ತಿತ್ತು. ಕೊನೆ ದಿಢೀರನೆ ಬರುತ್ತದೆ ಎಂಬ ದೂರನ್ನು ಮಾತ್ರ ಒಪ್ಪಲಾಗದು. ಇಬ್ಬರ ಇಡೀ ಬಾಳು ಎರಡು ಮಾತಿನ ವರದಿಯಾಗಿ ಹೋಗುವುದೇ ಅಲ್ಲಿ ಎದೆಗೆ ನಾಟುವ ಸಂಗತಿ.

ನೋಡುವವರಿಗೆ, ಕಾಲೇಜಿನಲ್ಲೋ ಗೆಳೆಯರ ಬಳಗದಲ್ಲೋ ತೋರಿಸುವವರಿಗೆ ಕೆಲವು ಮಾತು. ಮೆಕ್‌ಗ್ರೆಗರ್ ಸ್ಕಾಟ್ಲೆಂಡಿನವರು, ಫಾರೆಲ್ ಐರ್ಲೆಂಡಿನವರು, ಇಬ್ಬರೂ ಇಲ್ಲಿ ಲಂಡನ್ನಿನ ದುಡಿಯುವವರ ಇಂಗ್ಲಿಷ್ ಆಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸಬ್‌ಟೈಟಲ್ ಹಾಕಿಕೊಳ್ಳಿ, ಇಲ್ಲದಿದ್ದರೆ ಟೆರ್ರಿ ಗೊಣಗುವ ಮುಖ್ಯ ಮಾತುಗಳೇ ತಪ್ಪುತ್ತವೆ. ಫಿಲಿಪ್ ಗ್ಲಾಸ್ ಸಂಗೀತ ಸಣ್ಣ ಸಣ್ಣ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ಸುತ್ತುತ್ತ ಏರುವಂಥದು. ಟೀವಿಯ ಸಣ್ಣ ಸ್ಪೀಕರಿನಲ್ಲಿ ಅದರ ಕೆಳಸ್ವರಗಳು ಕಲಸಿ ಬರೀ ಗುಂಯ್ ಅನ್ನುತ್ತವೆ. ಹೊರಗಿನ ಸ್ಪೀಕರ್ ಜೋಡಿಯೊಂದನ್ನು ಹಚ್ಚಿ, ಇಲ್ಲವೇ ಹೆಡ್‌ಫೋನಿನಲ್ಲಿ ಕೇಳಿ. ಸಭೆಗೆ ತೋರಿಸುವಾಗ ಮೊದಲೇ ಎರಡು ನಿಮಿಷದಲ್ಲಿ ಕಸಾಂಡ್ರಾ ಯಾರೆಂದು ಹೇಳಿಬಿಡಬೇಕು, ಸಿನಿಮಾ ತಾನಾಗಿ ಬಿಡಿಸಿ ಹೇಳುವುದಿಲ್ಲ. ರಕ್ತ ಕಾಣದಿದ್ದರೂ ಆತ್ಮಹತ್ಯೆಯ ಮಾತು, ಮಾತ್ರೆ–ಕುಡಿತದ ದೃಶ್ಯಗಳು ಇರುವುದರಿಂದ ಶಾಲೆಯ ಮಕ್ಕಳಿಗೆ ಬೇಡ. ಚಹಾಕ್ಕೆ ಬಿಡುವು ಬೇಕೇ ಬೇಕೆಂದರೆ ಮರದ ಕೆಳಗಿನ ಮಳೆಯ ದೃಶ್ಯ ಮುಗಿದ ಕೂಡಲೇ ಕೊಡಿ. ಹುಡುಗರು ಹೂಂ ಅನ್ನುತ್ತಾರೋ ಇಲ್ಲವೋ ಎಂದು ಜನ ಹೊರಗೆ ನಿಂತು ವಾದಿಸುತ್ತಾರೆ. ಬೇಲಿಯ ದೃಶ್ಯದ ನಂತರ ಮಾತ್ರ ಎಲ್ಲಿಯೂ ನಿಲ್ಲಿಸಬೇಡಿ.